ವಾರಕ್ಕೆ ಎಂಟು ಪದ: ಕನ್ನಡ ಮೀಡಿಯಂನಿಂದ ಪಿಯು ಸೈನ್ಸಿಗೆ ಹೋದ ಹುಡುಗಿಯ ಒಂದು ವರ್ಷ

ನನ್ನ ಅಕ್ಕನ ಮಗಳು ಹತ್ತನೇ ಕ್ಲಾಸಿನ ತನಕ ಓದಿದ್ದು ಕನ್ನಡ ಮೀಡಿಯಂನಲ್ಲಿ. ವಿಜ್ಞಾನ ಅಂದರೆ ಅವಳಿಗೆ ಪ್ರಾಣ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ 92 ಬಂದಿತ್ತು. ಹಾಗಾಗಿ ಮುಂದೇನು ಅಂತ ಮನೆಯಲ್ಲಿ ಯಾರೂ ಜಾಸ್ತಿ ಯೋಚನೆ ಮಾಡಲಿಲ್ಲ, ತಿಪಟೂರಿನ ಒಂದು ಕಾಲೇಜಿನಲ್ಲಿ ಫಸ್ಟ್ ಪಿಯು ಸೈನ್ಸಿಗೆ ಸೇರಿಸಿದರು. ಎರಡು ವಾರ ಆಗಿತ್ತೇನೋ, ಅಕ್ಕ ಫೋನ್ ಮಾಡಿದಳು. "ಸರಿಯಾಗಿ ಊಟ ಮಾಡ್ತಿಲ್ಲ ಕಣೇ. ಆರ್ಟ್ಸಿಗೆ ಹಾಕ್ಬಿಡಿ ಅಂತ ಅಳ್ತಾಳೆ."

ಯಾಕೆ ಅಂತ ಕೇಳುವ ಅಗತ್ಯವೇ ಇರಲಿಲ್ಲ. ನಾನೂ ಕನ್ನಡ ಮೀಡಿಯಂನವಳೇ. ಹತ್ತನೇ ಕ್ಲಾಸಿನ ಪರೀಕ್ಷೆಯನ್ನು ಪೂರ್ತಿ ಕನ್ನಡದಲ್ಲಿ ಬರೆದ ಮಗುವಿನ ಕೈಗೆ, ಎರಡು ಮೂರು ತಿಂಗಳಲ್ಲೇ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ ಅಂತ ದಪ್ಪ ದಪ್ಪ ಇಂಗ್ಲಿಷ್ ಪುಸ್ತಕ ಬರುತ್ತದೆ. ಮಧ್ಯೆ ಕೈ ಹಿಡಿಯುವವರು ಯಾರೂ ಇಲ್ಲ. ಎಷ್ಟೋ ಮಕ್ಕಳು ಇಲ್ಲೇ ಸೋತು ಕೂತುಬಿಡುತ್ತಾರೆ, ತಲೆ ಇಲ್ಲ ಅಂತ ಅಲ್ಲ, ಪದ ಇಲ್ಲ ಅಂತ. ಇದು ನನಗೆ ಇವತ್ತಿಗೂ ಹೊಟ್ಟೆ ಉರಿಯುವ ವಿಷಯ. ಅದಕ್ಕೇ ಈ ಹುಡುಗಿಯ ಜೊತೆ ಒಂದು ವರ್ಷ ಏನು ಮಾಡಿದೆವು, ಏನು ಕೆಟ್ಟಿತು, ಏನು ಕೈಗೆ ಹತ್ತಿತು ಅಂತ ಪೂರ್ತಿ ಬರೆದಿಡುತ್ತಿದ್ದೇನೆ. ನಾನು ಟೀಚರ್ ಅಲ್ಲ, ಬೆಂಗಳೂರಿನಲ್ಲಿ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವವಳು. ಅಂಥವರೂ ಮನೆಯಲ್ಲಿ ಮಾಡಬಹುದಾದ ಕೆಲಸ ಇದು.

ಆ ಭಾನುವಾರ ಊರಿಗೆ ಹೋದೆ. ಫಿಸಿಕ್ಸ್ ಪುಸ್ತಕ ತೆಗೆಸಿ, ಯಾವುದೋ ಒಂದು ಪುಟ ಕೊಟ್ಟು, ಗೊತ್ತಿಲ್ಲದ ಪದಕ್ಕೆಲ್ಲ ಪೆನ್ಸಿಲ್‌ನಲ್ಲಿ ಗೆರೆ ಹಾಕು ಅಂದೆ. 41 ಗೆರೆ ಬಿತ್ತು. ಒಂದೇ ಪುಟಕ್ಕೆ. ಅವಳು ಪುಸ್ತಕ ಮುಚ್ಚಿ ಗೋಡೆ ಕಡೆ ತಿರುಗಿ ಕೂತಳು.

ನಾನು ಆ 41 ಪದಗಳನ್ನು ಒಂದು ಹಾಳೆಯಲ್ಲಿ ಬೇರೆ ಬೇರೆ ಮಾಡಿ ಬರೆದೆ. ಆಗ ಕಂಡಿದ್ದು ಇದು. ಸೈನ್ಸಿನ ಪದ ಅಂತ ಇದ್ದದ್ದು ಅದರಲ್ಲಿ ಬರೀ ಆರು. ಅದೂ ಏನು? ಮೊಮೆಂಟಮ್, ಇನರ್ಷಿಯಾ, ಆಕ್ಸಲರೇಷನ್, ಇಂಥವು. ಸಂವೇಗ, ಜಡತ್ವ, ವೇಗೋತ್ಕರ್ಷ ಅಂತ ಅವಳಿಗೆ ಇವೆಲ್ಲ ಚೆನ್ನಾಗಿ ಗೊತ್ತು, ಲೆಕ್ಕ ಸಮೇತ ಗೊತ್ತು. ಹೆಸರು ಬದಲಾಗಿದೆ ಅಷ್ಟೇ. ಮಿಕ್ಕ 35 ಪದ ಯಾವುವು ಅಂದರೆ ಅಸ್ಯೂಮ್, ಹೆನ್ಸ್, ವೇರ್‌ಆಸ್, ಅಬ್ಟೇನ್, ಡಿರೈವ್, ನೆಗ್ಲಿಜಿಬಲ್, ರೆಸ್ಪೆಕ್ಟಿವ್ಲಿ. ಯಾವ ಮೇಷ್ಟ್ರೂ ಬೋರ್ಡ್ ಮೇಲೆ ಬರೆದು ಅರ್ಥ ಹೇಳದ ಪದಗಳು. ಸೈನ್ಸ್ ಮೇಷ್ಟ್ರು ಇದು ಇಂಗ್ಲಿಷ್ ಅಂತ ಬಿಡುತ್ತಾರೆ, ಇಂಗ್ಲಿಷ್ ಮೇಷ್ಟ್ರು ಪದ್ಯದ ಸಾರಾಂಶದಲ್ಲಿ ಇರುತ್ತಾರೆ. ಮಧ್ಯದಲ್ಲಿ ಬಿದ್ದುಹೋದ ಪದಗಳಿವು.

ಇನ್ನೊಂದು ವಿಷಯ ನನ್ನನ್ನು ಇನ್ನೂ ಬೆಚ್ಚಿಸಿತು. ಗೆರೆ ಹಾಕದ ಪದಗಳಲ್ಲೂ ತೊಂದರೆ ಇತ್ತು. ಗೊತ್ತು ಅಂದುಕೊಂಡಿದ್ದಳು, ಗೊತ್ತಿರಲಿಲ್ಲ. 'ಯೂನಿಫಾರ್ಮ್ ವೆಲಾಸಿಟಿ' ಅಂತ ಇತ್ತು. ಒಂದೇ ಸಮನಾದ ವೇಗ ಅಂತ ಅದರ ಅರ್ಥ, ಆದರೆ ಯೂನಿಫಾರ್ಮ್ ಅಂದರೆ ಅವಳಿಗೆ ಸ್ಕೂಲ್ ಬಟ್ಟೆ. 'ನೆಗ್ಲೆಕ್ಟ್ ಏರ್ ರೆಸಿಸ್ಟೆನ್ಸ್' ಅಂತ ಇತ್ತು, ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯಬೇಡ ಅಂತ. ಏನು ಹಾಗಂದರೆ ಅಂತ ಕೇಳಿದೆ. "ಗಾಳೀನ ಸರಿಯಾಗಿ ನೋಡ್ಕೊಳ್ಳಲಿಲ್ಲ ಅಂತ" ಅಂದಳು. ಅವಳ ತಪ್ಪಲ್ಲ. ನಮ್ಮ ಮಾತಿನಲ್ಲಿ ಆ ಪದ ಬರುವುದೇ ಹಾಗೆ, ವಯಸ್ಸಾದ ಅಪ್ಪ ಅಮ್ಮನನ್ನು ಮಕ್ಕಳು ನೆಗ್ಲೆಕ್ಟ್ ಮಾಡಿದರು ಅನ್ನುತ್ತೇವಲ್ಲ. ಸೊಲ್ಯೂಷನ್ ಅಂದರೆ ಪಂಕ್ಚರ್ ಅಂಗಡಿಯ ಅಂಟು. ಕಂಡಕ್ಟರ್ ಅಂದರೆ ಟಿಕೆಟ್ ಕೊಡುವವರು. ಪೀರಿಯಡ್ ಅಂದರೆ ಕ್ಲಾಸು. ಚಾರ್ಜ್ ಅಂದರೆ ಒಂದು ಮೊಬೈಲಿಗೆ ಹಾಕುವುದು, ಇನ್ನೊಂದು ಬಸ್ಸಿಗೆ ಕೊಡುವುದು. ಕನ್ನಡದೊಳಗೆ ಬಂದು ಕೂತಿರುವ ಇಂಗ್ಲಿಷ್ ಪದಗಳು ನಮ್ಮ ಮಕ್ಕಳಿಗೆ ಅರ್ಧ ದಾರಿ ತೋರಿಸುತ್ತವೆ, ಉಳಿದರ್ಧ ದಾರಿ ತಪ್ಪಿಸುತ್ತವೆ.

ಈ ಮಧ್ಯದ ಪದಗಳ ಬಗ್ಗೆ ಆಮೇಲೆ ನಾನು ಓದಿದೆ. ನ್ಯೂಜಿಲೆಂಡಿನ ಅವೆರಿಲ್ ಕಾಕ್ಸ್‌ಹೆಡ್ ಎಂಬವರು 2000ದಲ್ಲಿ ಇವುಗಳದ್ದೇ ಒಂದು ಪಟ್ಟಿ ಮಾಡಿದ್ದಾರೆ. ಬೇರೆ ಬೇರೆ ವಿಷಯಗಳ ಪಾಠದ ಬರಹ ಸೇರಿಸಿ ಸುಮಾರು 35 ಲಕ್ಷ ಪದಗಳಷ್ಟು ಜಾಲಾಡಿ, ಎಲ್ಲ ವಿಷಯಕ್ಕೂ ಬರುವ ಪದಗಳನ್ನು ಹೆಕ್ಕಿದರು. 570 ಪದ ಕುಟುಂಬಗಳು ಸಿಕ್ಕವು, ಒಂದು ಪದ ಮತ್ತು ಅದರಿಂದಾದ ಬೇರೆ ರೂಪಗಳೆಲ್ಲ ಸೇರಿ ಒಂದು ಕುಟುಂಬ. ಪಾಠದ ಬರಹದಲ್ಲಿ ನೂರಕ್ಕೆ ಸುಮಾರು ಹತ್ತು ಪದ ಇವೇ ಇರುತ್ತವೆ. ನಮ್ಮ ಹುಡುಗಿಯ ಅಸ್ಯೂಮ್, ಹೆನ್ಸ್, ವೇರ್‌ಆಸ್, ಅಬ್ಟೇನ್, ಡಿರೈವ್, ಯೂನಿಫಾರ್ಮ್ ಎಲ್ಲ ಅದರಲ್ಲಿವೆ. ಅದಕ್ಕಿಂತ ಸುಲಭದ, ದಿನಬಳಕೆಯ ಸುಮಾರು 2000 ಪದಗಳ ಪಟ್ಟಿಯೊಂದನ್ನು ಮೈಕೆಲ್ ವೆಸ್ಟ್ 1953ರಲ್ಲೇ ಕೊಟ್ಟಿದ್ದರು. ಈ ವೆಸ್ಟ್ ಢಾಕಾದಲ್ಲಿ ಇದ್ದವರು, ಬಂಗಾಳಿ ಮಕ್ಕಳಿಗೆ ಇಂಗ್ಲಿಷ್ ಓದು ಕಲಿಸುವ ಕಷ್ಟವನ್ನು ಹತ್ತಿರದಿಂದ ನೋಡಿದವರು. ಮನೆಮಾತಲ್ಲಿ ಓದಿ ಬಂದ ಮಗುವಿಗೆ ಮೊದಲು ಯಾವ ಪದ ಕೊಡಬೇಕು ಅನ್ನುವ ಪ್ರಶ್ನೆ ನಮ್ಮ ಈ ಕಡೆಯ ಕ್ಲಾಸ್‌ರೂಮುಗಳಿಗೂ ಹಳೆಯದು.

ಆದರೆ ಇದೆಲ್ಲ ತಿಳಿಯುವ ಮೊದಲು ನಾನು ಒಂದು ದೊಡ್ಡ ತಪ್ಪು ಮಾಡಿದೆ. ಮೊಬೈಲಿನಲ್ಲಿ ಸಿಕ್ಕ 'ಮುಖ್ಯ ಪದಗಳ' ಪಟ್ಟಿಯೊಂದನ್ನು ಪ್ರಿಂಟ್ ಹಾಕಿಸಿ, ವಾರಕ್ಕೆ 50 ಕಲಿ ಅಂತ ಕೊಟ್ಟುಬಿಟ್ಟೆ. ಅವಳು ಪಾಪ ರಾತ್ರಿ ಹತ್ತರವರೆಗೆ ಕೂತು ಬಾಯಿಪಾಠ ಮಾಡಿದಳು. ಆ ಭಾನುವಾರ ಫೋನಿನಲ್ಲಿ ಕೇಳಿದಾಗ 38 ಹೇಳಿದಳು. ನನಗೆ ಖುಷಿಯೋ ಖುಷಿ. ಮುಂದಿನ ಭಾನುವಾರ ಅವೇ 50 ಪದ ಕೇಳಿದೆ. 11 ಉಳಿದಿತ್ತು. ಮೂರನೇ ವಾರ ಅವಳು ಫೋನ್ ಎತ್ತಲಿಲ್ಲ.

ಇದು ಯಾರಿಗಾದರೂ ಆಗುವುದೇ. ಜರ್ಮನಿಯ ಎಬಿಂಗ್‌ಹಾಸ್ ಅಂತ ಒಬ್ಬರು ಅರ್ಥವೇ ಇಲ್ಲದ ಅಕ್ಷರದ ತುಂಡುಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತದೆ ಅಂತ ಅಳೆದು, 1885ರಲ್ಲಿ ಪುಸ್ತಕ ಮಾಡಿದರು. ಮರೆವು ಮೊದಲ ದಿನವೇ ಹೆಚ್ಚು ಕದಿಯುತ್ತದೆ, ಆಮೇಲೆ ನಿಧಾನ. ಅರ್ಥ ಇಲ್ಲದ ಅಕ್ಷರಕ್ಕೂ ನನ್ನ 50 ಪದದ ಪಟ್ಟಿಗೂ ಹುಡುಗಿಯ ಪಾಲಿಗೆ ಏನೂ ವ್ಯತ್ಯಾಸ ಇರಲಿಲ್ಲ. ಆ ಪದಗಳು ಅವಳ ಪುಸ್ತಕದಲ್ಲೂ ಇಲ್ಲ, ಅವಳ ದಿನದಲ್ಲೂ ಇಲ್ಲ.

ಜುಲೈ ಮೊದಲ ವಾರ ಮತ್ತೆ ಊರಿಗೆ ಹೋಗಿ ಹೊಸದಾಗಿ ಶುರು ಮಾಡಿದೆವು. ವಾರಕ್ಕೆ ಎಂಟು ಪದ, ಅಷ್ಟೇ. ಆ ಎಂಟೂ ಆ ವಾರ ಕ್ಲಾಸಿನಲ್ಲಿ ನಡೆದ ಪಾಠದಿಂದಲೇ ಬರಬೇಕು. ಆರಿಸುವವಳು ಅವಳೇ, ನಾನಲ್ಲ. ಸೈನ್ಸಿನ ಹೆಸರುಪದಗಳನ್ನು ಆರಿಸಬಾರದು, ಅವು ಹೇಗೂ ಕ್ಲಾಸಿನಲ್ಲಿ ಬರುತ್ತವೆ. ಎರಡಕ್ಕಿಂತ ಹೆಚ್ಚು ಸಲ ಕಣ್ಣಿಗೆ ಬಿದ್ದ ಮಧ್ಯದ ಪದಗಳನ್ನೇ ಹಿಡಿಯಬೇಕು.

ಕಾರ್ಡಿಗೆ ಅಂತ ದುಡ್ಡು ಹಾಕಲಿಲ್ಲ. ಮನೆಯಲ್ಲಿ ಹಳೆಯ ಲಗ್ನಪತ್ರಿಕೆಗಳ ಕಟ್ಟೇ ಇತ್ತು. ಗಟ್ಟಿ ಕಾಗದ, ಹಿಂದುಗಡೆ ಖಾಲಿ. ಎರಡೆರಡು ತುಂಡು ಅಂಟಿಸಿದರೆ ಎರಡೂ ಕಡೆ ಬರೆಯಬಹುದು, ಚೆನ್ನಾದ ಕಾರ್ಡ್. ನಾಲ್ಕು ಸ್ವೀಟ್ ಡಬ್ಬ ಇಟ್ಟುಕೊಂಡಳು. ಮೊದಲನೇ ಡಬ್ಬ ದಿನಾ ನೋಡುವುದು. ಎರಡನೆಯದು ಮೂರು ದಿನಕ್ಕೊಮ್ಮೆ. ಮೂರನೆಯದು ಭಾನುವಾರ. ನಾಲ್ಕನೆಯದು ತಿಂಗಳಿಗೊಂದು ಸಲ. ಸರಿ ಹೇಳಿದ ಕಾರ್ಡ್ ಮುಂದಿನ ಡಬ್ಬಕ್ಕೆ, ತಪ್ಪಿದ್ದು ಎಲ್ಲೇ ಇರಲಿ ವಾಪಸ್ ಮೊದಲನೆಯದಕ್ಕೆ. ಈ ಡಬ್ಬದ ಉಪಾಯ 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಅನ್ನುವ ಜರ್ಮನ್ ಭಾಷೆಯ ಲೇಖಕರು ಜನಪ್ರಿಯ ಮಾಡಿದ್ದು. ಈಗ ಮೊಬೈಲ್ ಆ್ಯಪ್‌ಗಳೂ ಹೆಚ್ಚುಕಡಿಮೆ ಇದನ್ನೇ ಮಾಡುತ್ತವೆ. ಆದರೆ ಅವಳ ಕೈಗೆ ಮೊಬೈಲ್ ಸಿಕ್ಕುವುದು ಅಪ್ಪ ಮಾರುಕಟ್ಟೆಯಿಂದ ಬಂದ ಮೇಲೆ, ಡಬ್ಬ ಯಾವಾಗಲೂ ಕಪಾಟಿನಲ್ಲೇ ಇರುತ್ತದೆ.

ಕಾರ್ಡನ್ನು ಓದಿ ಓದಿ ನೋಡುವಂತಿಲ್ಲ, ಇದು ಕಟ್ಟುನಿಟ್ಟು. ಮುಂದುಗಡೆ ನೋಡಿ, ಕಣ್ಣು ಮುಚ್ಚಿ, ಅರ್ಥ ಬಾಯಲ್ಲಿ ಹೇಳಿ, ಆಮೇಲೆ ತಿರುಗಿಸಬೇಕು. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಕಾಲೇಜು ಮಕ್ಕಳ ಮೇಲೆ ಮಾಡಿದ ಪ್ರಯೋಗ ಇದಕ್ಕೆ ನನಗೆ ಧೈರ್ಯ ಕೊಟ್ಟಿತು. ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದರೆ ಪಾಠವನ್ನು ಮತ್ತೆ ಮತ್ತೆ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಮಾಡಿದರೆ, ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆದವರು ಮುಂದೆ. ನಮ್ಮ ಪರೀಕ್ಷೆ ಇರುವುದು ತಿಂಗಳುಗಳು ಬಿಟ್ಟು, ಅಲ್ವಾ?

ಇನ್ನು ಕಾರ್ಡಿನ ಹಿಂದೆ ಏನು ಬರೆಯುವುದು ಅನ್ನುವುದು. ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಯಾಕಂದರೆ ಇಡೀ ವರ್ಷದಲ್ಲಿ ಕೆಲಸ ನಿಜವಾಗಿ ನಡೆದಿದ್ದು ಇಲ್ಲೇ.

ಡಿರೈವ್ ಅನ್ನುವ ಪದಕ್ಕೆ ನಿಘಂಟಿನಿಂದ 'ವ್ಯುತ್ಪನ್ನಗೊಳಿಸು' ಅಂತ ಬರೆದುಕೊಂಡಿದ್ದಳು. ಹಾಗಂದರೇನು ಅಂತ ಕೇಳಿದರೆ ಗೊತ್ತಿಲ್ಲ. ಗೊತ್ತಿಲ್ಲದ ಇಂಗ್ಲಿಷ್ ಪದಕ್ಕೆ ಗೊತ್ತಿಲ್ಲದ ಕನ್ನಡ ಪದ ಇಟ್ಟುಕೊಂಡಿದ್ದಳು. ಆ ಪದ ಹುಟ್ಟಿದ್ದು ಹೇಗೆ ನೋಡೋಣ ಬಾ ಅಂದೆ. ಲ್ಯಾಟಿನ್‌ನಲ್ಲಿ 'ರೀವುಸ್' ಅಂದರೆ ಹಳ್ಳ, ತೊರೆ. 'ಡಿ' ಅಂದರೆ ಅದರಿಂದ. ಹರಿಯುವ ನೀರನ್ನು ಬೇರೆ ಕಡೆಗೆ ತಿರುಗಿಸಿಕೊಳ್ಳುವುದೇ ಡಿರೈವ್‌ನ ಮೊದಲ ಅರ್ಥ. ಅವಳು ಒಂದು ನಿಮಿಷ ಸುಮ್ನೆ ಕೂತಳು. ಆಮೇಲೆ, "ನಾಲೆಯಿಂದ ಕಾಲುವೆ ತೋಡಿ ತೋಟಕ್ಕೆ ನೀರು ಬಿಟ್ಕೊಂಡ ಹಾಗಾ ಚಿಕ್ಕಮ್ಮ?" ಅಂದಳು. ಹೌದು ಕಣೇ, ಅದೇ. ಮೊದಲನೇ ಸಮೀಕರಣ ದೊಡ್ಡ ನಾಲೆ. ಅದರಿಂದ ತಿರುಗಿಸಿ ತಿರುಗಿಸಿ ನಮಗೆ ಬೇಕಾದ ಗದ್ದೆಗೆ ತಂದುಕೊಳ್ಳುವುದು. ಕಾರ್ಡಿನ ಹಿಂದೆ ಅವಳೇ ಬರೆದಳು: 'ಇದ್ದದ್ದರಿಂದ ಬೇಕಾದ್ದನ್ನು ತಿರುಗಿಸಿ ತರೋದು. ನಾಲೆ, ತೋಟ.' ಪಕ್ಕದಲ್ಲಿ ಒಂದು ಸಣ್ಣ ತೆಂಗಿನ ಮರದ ಚಿತ್ರ.

ಅದೇ ದಿನ ರೈವಲ್ ಅನ್ನುವ ಪದವೂ ಬಂತು. ಅದೂ ಅದೇ ತೊರೆಯಿಂದ ಬಂದದ್ದು. ಒಂದೇ ಹಳ್ಳದ ನೀರು ಬಳಸುವ ಇಬ್ಬರು ಅಂತ ಅದರ ಹಳೆಯ ಅರ್ಥ, ಅದರಿಂದಲೇ ಪ್ರತಿಸ್ಪರ್ಧಿ ಅನ್ನುವ ಅರ್ಥ. ಅಡುಗೆಮನೆಯಿಂದ ಅಕ್ಕ ಕೂಗಿ ಹೇಳಿದಳು, "ನೀರಿನ ಸರದಿಗೆ ಜಗಳ ಆಡೋರು ಅನ್ನು, ಇನ್ನೇನು!" ಆ ಪದ ಆ ಮನೆಯಲ್ಲಿ ಯಾರೂ ಇನ್ನು ಮರೆಯುವುದಿಲ್ಲ, ಹತ್ತನೇ ಕ್ಲಾಸ್ ದಾಟದ ಅಕ್ಕ ಕೂಡ.

ಅಂದಿನಿಂದ ಪದ್ಧತಿ ಹೀಗಾಯಿತು. ಮುಂದುಗಡೆ ಪದ ಮತ್ತು ಪುಸ್ತಕದಲ್ಲಿ ಅದು ಬಂದ ಇಡೀ ವಾಕ್ಯ. ಹಿಂದೆ ಮನೆಮಾತಿನಲ್ಲಿ ಅವಳದ್ದೇ ಅರ್ಥ. ನಿಘಂಟು ನೋಡುವುದು ಮೊದಲು ಊಹೆ ಮಾಡಿದ ಮೇಲೆ. ಭಾನುವಾರ ಸಂಜೆ ಏಳಕ್ಕೆ ಫೋನಿನಲ್ಲಿ, ಪ್ರತಿ ಪದಕ್ಕೂ ತೋಟ, ಮನೆ, ಕಾಲೇಜಿಗೆ ಸೇರಿದ ಒಂದು ಇಂಗ್ಲಿಷ್ ವಾಕ್ಯ ನನಗೆ ಹೇಳಬೇಕು. ರೆಸ್ಪೆಕ್ಟಿವ್ಲಿ ಮೂರು ವಾರ ಮೊದಲನೇ ಡಬ್ಬದಲ್ಲೇ ಒದ್ದಾಡಿತು. ರೆಸ್ಪೆಕ್ಟ್, ಗೌರವ ಅಂತಲೇ ಅವಳ ತಲೆಯಲ್ಲಿ. ಕೊನೆಗೆ 'ನನ್ನ ತಮ್ಮ ಮತ್ತು ತಂಗಿ ಕ್ರಮವಾಗಿ ಎಂಟನೇ ಮತ್ತು ಐದನೇ ಕ್ಲಾಸಿನಲ್ಲಿ ಇದ್ದಾರೆ' ಅಂತ ಇಂಗ್ಲಿಷಿನಲ್ಲಿ ಒಂದು ವಾಕ್ಯ ಕಟ್ಟಿದಳು, ಅವತ್ತು ಅದು ಕೂತಿತು.

ಹೆದರಿಕೆ ಇಳಿದದ್ದು ಮಾತ್ರ ಬೇರೆ ಒಂದು ಪದದಿಂದ. ಅವಳ ಅಪ್ಪ ಉಂಡೆ ಕೊಬ್ಬರಿ ಮಾಡಿ ತಿಪಟೂರು ಮಾರುಕಟ್ಟೆಗೆ ಹಾಕುವವರು. ಇಂಗ್ಲಿಷ್ ಪದಗಳಲ್ಲಿ ಕೆಲವು ನಮ್ಮ ಕಡೆಯವು ಅಂತ ಹೇಳಿದೆ, ನಂಬಲಿಲ್ಲ. ಕೋಪ್ರಾ ಅನ್ನುವ ಇಂಗ್ಲಿಷ್ ಪದ ಕೊಬ್ಬರಿಯೇ. ಮಲಯಾಳದ ಕೊಪ್ಪರ ಪೋರ್ಚುಗೀಸರ ಬಾಯಿಂದ ಇಂಗ್ಲಿಷಿಗೆ ಹೋಯಿತು. ತೆಂಗಿನ ನಾರಿಗೆ ಇಂಗ್ಲಿಷಿನಲ್ಲಿ ಕಾಯರ್ ಅನ್ನುತ್ತಾರೆ, ಅದು ಮಲಯಾಳದ ಕಯರು, ಹಗ್ಗ. ಅರೆಕಾ ಅನ್ನುವುದು ನಮ್ಮ ಅಡಿಕೆಯ ಮಲಯಾಳಿ ದಾಯಾದಿ. "ಹಂಗಾದ್ರೆ ಅವ್ರೂ ನಮ್ಮಿಂದ ಇಸ್ಕೊಂಡಿದಾರೆ" ಅಂದಳು. ಆ ಮಾತು ಹೇಳುವಾಗ ಅವಳ ದನಿ ಬದಲಾಗಿದ್ದು ನನಗೆ ಕೇಳಿಸಿತು. ಇಂಗ್ಲಿಷ್ ಅಂದರೆ ಮೇಲಿನವರದ್ದು, ತಾನು ಕೆಳಗೆ ನಿಂತು ಬೇಡಬೇಕು ಅನ್ನುವ ಭಾವನೆ ಕನ್ನಡ ಮೀಡಿಯಂ ಮಕ್ಕಳಲ್ಲಿ ಎಷ್ಟು ಆಳಕ್ಕೆ ಹೋಗಿರುತ್ತದೆ ಅಂತ ಅದನ್ನು ಅನುಭವಿಸಿದವರಿಗೆ ಗೊತ್ತು.

ಇನ್ನೊಂದು ಆಸ್ತಿ ಅವಳ ಹತ್ತಿರ ಮೊದಲೇ ಇತ್ತು. ಕನ್ನಡ ಮೀಡಿಯಂನ ವಿಜ್ಞಾನದ ಪದಗಳು ಬಹಳಷ್ಟು ಸಂಸ್ಕೃತದವು. ಇಂಗ್ಲಿಷಿನ ವಿಜ್ಞಾನದ ಪದಗಳು ಬಹಳಷ್ಟು ಲ್ಯಾಟಿನ್, ಗ್ರೀಕಿನವು. ಈ ಭಾಷೆಗಳೆಲ್ಲ ಒಂದೇ ಮೂಲದಿಂದ ಬಂದಿರಬೇಕು ಅಂತ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತದಲ್ಲಿ ಹೇಳಿದ್ದು ಪ್ರಸಿದ್ಧ. ಪಿಯು ಪುಸ್ತಕ ತೆಗೆದು ನೋಡಿದರೆ ಅದು ಕಣ್ಣಿಗೆ ಹೊಡೆಯುತ್ತದೆ. 'ಗ್ರಾವಿಟೇಷನಲ್ ಕಾನ್‌ಸ್ಟಂಟ್' ಅನ್ನುವುದನ್ನು ಅವಳು ಹತ್ತನೇ ಕ್ಲಾಸಿನ ಒಳಗೇ 'ಗುರುತ್ವ ಸ್ಥಿರಾಂಕ' ಅಂತ ಕಲಿತಿದ್ದಾಳೆ. ಗುರು ಅಂದರೆ ಭಾರ, ಲ್ಯಾಟಿನ್‌ನ ಗ್ರಾವಿಸ್ ಅಂದರೂ ಭಾರ, ಎರಡೂ ಒಂದೇ ಬೇರಿನವು. ಸ್ಥಿರದ 'ಸ್ಥಾ'ಗೂ ಕಾನ್‌ಸ್ಟಂಟ್‌ನ 'ಸ್ಟಾ'ಗೂ ಅದೇ ನಂಟು, ಎರಡಕ್ಕೂ ನಿಲ್ಲು ಅಂತ ಅರ್ಥ. ಸ್ಟೇಷನ್, ಸ್ಟೇಬಲ್, ಸ್ಟಾಟಿಕ್ ಎಲ್ಲ ಆ ಮನೆಯವೇ. ದಂತ, ಡೆಂಟಲ್. ಪಾದ, ಪೆಡಲ್. ಸ್ಪಷ್ಟ ಅನ್ನುವುದರ ಮೂಲ ಅರ್ಥ ಚೆನ್ನಾಗಿ ಕಂಡದ್ದು. ಸ್ಪೆಕ್ಟ್ರಮ್, ಇನ್‌ಸ್ಪೆಕ್ಟರ್ ಅನ್ನುವುದರಲ್ಲಿರುವ 'ಸ್ಪೆಕ್' ಕೂಡ ನೋಡುವುದೇ.

ಇದರಲ್ಲಿ ಒಂದು ಅಪಾಯವೂ ಇದೆ. ರುಚಿ ಹತ್ತಿದ ಮೇಲೆ ಅವಳು ಸಿಕ್ಕಿದ್ದಕ್ಕೆಲ್ಲ ನೆಂಟಸ್ತಿಕೆ ಕಟ್ಟಲು ಶುರು ಮಾಡಿದಳು. ಕೊಲ್ಲು ಮತ್ತು ಕಿಲ್, ಎಂಟು ಮತ್ತು ಎಯ್ಟ್. ಅಷ್ಟ ಮತ್ತು ಎಯ್ಟ್ ಒಂದೇ ಬೇರು ಹೌದು, ಎಂಟು ಅಲ್ಲ. ಅಚ್ಚಗನ್ನಡದ ಪದಗಳು ದ್ರಾವಿಡ ಕುಟುಂಬದವು, ಅದು ಬೇರೆ ಮನೆ. ಕೇಳಲು ಒಂದೇ ಥರ ಇದ್ದರೆ ಸಾಲದು, ನಿಘಂಟಿನಲ್ಲಿ ಪದದ ಮೂಲ ನೋಡಿ ಖಾತ್ರಿ ಮಾಡಿಕೊಳ್ಳಬೇಕು ಅಂತ ನಿಯಮ ಮಾಡಿದೆವು.

ಆಗಸ್ಟ್‌ನಲ್ಲಿ ಒಂದು ಎಡವಟ್ಟಾಯಿತು. ಒಂದೇ ವಾರ ಎಂಡೋಥರ್ಮಿಕ್ (ಶಾಖ ಒಳಗೆ ಎಳೆದುಕೊಳ್ಳುವುದು), ಎಕ್ಸೋಥರ್ಮಿಕ್ (ಶಾಖ ಹೊರಗೆ ಬಿಡುವುದು) ಎರಡನ್ನೂ ಕಾರ್ಡಿಗೆ ಹಾಕಿದಳು. ಪಾಠದಲ್ಲಿ ಜೊತೆಗೇ ಬಂದವು, ಜೊತೆಗೇ ಕಲಿಯೋಣ ಅಂತ ನಾನೂ ನಮ್ಮ ನಿಯಮ ಬಿಟ್ಟು ಹೂಂ ಅಂದೆ. ಎರಡೂ ಒಂದಕ್ಕೊಂದು ಹೆಣೆದುಕೊಂಡು, ಟೆಸ್ಟಿನಲ್ಲಿ ಅದಲುಬದಲು ಬರೆದು ಬಂದಳು. ಅರ್ಥದಲ್ಲಿ ತೀರಾ ಹತ್ತಿರ ಇರುವ, ಇಲ್ಲವೇ ಒಂದಕ್ಕೊಂದು ಎದುರು ಇರುವ ಹೊಸ ಪದಗಳನ್ನು ಒಟ್ಟಿಗೆ ಕಲಿತರೆ ಗೊಂದಲ ಹೆಚ್ಚು ಅನ್ನುವುದನ್ನು 1990ರ ದಶಕದಿಂದಲೂ ಸಂಶೋಧಕರು ತೋರಿಸುತ್ತಾ ಬಂದಿದ್ದಾರೆ. ಅಂದಿನಿಂದ ಜೋಡಿ ಪದಗಳಲ್ಲಿ ಒಂದನ್ನು ಈ ವಾರ ಗಟ್ಟಿ ಮಾಡಿ, ಇನ್ನೊಂದನ್ನು ಎರಡು ವಾರ ಬಿಟ್ಟು ತೆಗೆದುಕೊಂಡೆವು. ಎಂಡೋ ಅಂದರೆ ಒಳಗೆ ಅನ್ನುವುದು ನಿಂತ ಮೇಲೆ ಎಕ್ಸೋ ತಾನಾಗಿ ಬಂತು.

ದಸರಾ ರಜೆ, ಮಿಡ್‌ಟರ್ಮ್, ಅವಳಿಗೆ ಜ್ವರ ಬಂದದ್ದು, ಎಲ್ಲ ಸೇರಿ ಆರು ವಾರ ಹೊಸ ಕಾರ್ಡ್ ಹಾಕಲಿಲ್ಲ. ಹಾಕದಿದ್ದದ್ದೇ ಒಳ್ಳೆಯದಾಯಿತು, ಹಳೆಯವನ್ನು ಮಾತ್ರ ತಿರುವುತ್ತಿದ್ದಳು. ಫೆಬ್ರವರಿ ಕೊನೆಗೆ ಲೆಕ್ಕ ಹಾಕಿದಾಗ 28 ವಾರ, 224 ಕಾರ್ಡ್. ನಾಲ್ಕನೇ ಡಬ್ಬದಲ್ಲಿ 171 ಇತ್ತು. ಜಪ್ಪಯ್ಯ ಅಂದರೂ ಏಳದೆ ಮೊದಲನೇ ಡಬ್ಬದಲ್ಲೇ ಕೂತದ್ದು 19. ಅವತ್ತು ಇನ್ನೂ ಕ್ಲಾಸಿನಲ್ಲಿ ನಡೆಯದ ಒಂದು ಪಾಠದ ಪುಟ ಕೊಟ್ಟು ಮತ್ತೆ ಗೆರೆ ಹಾಕಿಸಿದೆ. ಒಂಬತ್ತು.

ಎಲ್ಲವೂ ಸರಿಹೋಯಿತು ಅಂತ ಹೇಳುವುದಿಲ್ಲ. ಓದಿ ಅರ್ಥ ಮಾಡಿಕೊಳ್ಳುವುದು ಬಹಳ ಮುಂದೆ ಹೋಯಿತು. ಬರೆಯುವುದು ಅಷ್ಟು ಹೋಗಲಿಲ್ಲ, ಪದ ಸರಿ ಇದ್ದರೂ ವಾಕ್ಯ ಕನ್ನಡದ ಜಾಡಿನಲ್ಲೇ ಓಡುತ್ತದೆ. ಕ್ಲಾಸಿನಲ್ಲಿ ಎದ್ದು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವ ಧೈರ್ಯ ಇನ್ನೂ ಬಂದಿಲ್ಲ. ಅದಕ್ಕೆ ಕಾರ್ಡ್ ಸಾಲದು, ಜೊತೆಗೆ ಮಾತಾಡುವವರು ಬೇಕು. ಪುನಃ ಶುರು ಮಾಡುವುದಾದರೆ ಮೊದಲ ತಿಂಗಳಿನಿಂದಲೇ ವಾರಕ್ಕೊಂದು ಪ್ಯಾರಾ ಬರೆಸುತ್ತೇನೆ, ಆ ವಾರದ ಎಂಟರಲ್ಲಿ ನಾಲ್ಕಾದರೂ ಅದರಲ್ಲಿ ಬರುವ ಹಾಗೆ. ಆರ್ಟ್ಸಿನ ಮಾತು ಮಾತ್ರ ಮತ್ತೆ ಎತ್ತಲಿಲ್ಲ.

ಹೋದ ಭಾನುವಾರ ಅವಳೇ ಫೋನ್ ಮಾಡಿದಳು, ಏಳಾಗುವ ಮೊದಲೇ. "ಚಿಕ್ಕಮ್ಮ, ಅರೈವ್ ಅನ್ನೋದೂ ಡಿರೈವ್ ಥರಾನೇ ತೊರೆಯಿಂದ ಬಂದಿರ್ಬೇಕು ಅಲ್ವಾ?" ನನಗೆ ಹೌದು ಅನ್ನಬೇಕು ಅನ್ನಿಸಿತ್ತು, ಆದರೂ ನಿಘಂಟು ನೋಡಿ ನೀನೇ ಹೇಳು ಅಂದೆ. ಅರ್ಧ ಗಂಟೆ ಬಿಟ್ಟು ಅಪ್ಪನ ಮೊಬೈಲಿನಿಂದ ಮೆಸೇಜ್ ಬಂತು. 'ಅಲ್ಲ ಚಿಕ್ಕಮ್ಮ. ಅದು ರೀಪಾ. ದಡ ಅಂತ. ದೋಣಿ ದಡಕ್ಕೆ ಬಂದು ಮುಟ್ಟೋದೇ ಅರೈವ್.'